ಬ್ರೌಸರ್ ಆಟಗಳ ತೊಡಕುಗಳು: ತಂತ್ರಾಂಶ ಕೊಳ್ಳುವವರಿಗೆ ಕೆಲವು ಪಾಠಗಳು

ಅಂತರಜಾಲದ ಬ್ರೌಸರಿನಲ್ಲಿ ಆಡುವ ಆಟಗಳಿಗೂ ವ್ಯಾಪಾರಕ್ಕೂ ಏನು ಸಂಬಂಧವೆಂದು ಸದಸ್ಯರಿಗೆ ಅನಿಸಬಹುದು. ಆದರೆ ಬಿಲ್ಲಿಂಗ್, ದಾಸ್ತಾನು, ವೇತನ ಪಟ್ಟಿಗಳ ಹಲವು ತಂತ್ರಾಂಶಗಳು ಇಂದು ಅದೇ ಬ್ರೌಸರಿನಲ್ಲಿ ನಡೆಯುತ್ತವೆ. ಆಟಗಳಿಗೆ ಬಂದ ತೊಡಕುಗಳು ಇವುಗಳಿಗೂ ಬರುತ್ತವೆ. ವ್ಯತ್ಯಾಸವೆಂದರೆ ಅಲ್ಲಿ ಹೋಗುವುದು ಆಟ, ಇಲ್ಲಿ ಹೋಗುವುದು ಲೆಕ್ಕಪುಸ್ತಕ. ಆದ್ದರಿಂದ ಆ ತೊಡಕುಗಳನ್ನು ಕ್ರಮವಾಗಿ ಪರಿಶೀಲಿಸುವುದು ಉಪಯುಕ್ತ. (ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ೨೦೨೫ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಅವು ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.)

೧. ಆಧಾರ ತಂತ್ರಜ್ಞಾನದ ಆಯುಷ್ಯ

ಜಿಂಗಾ ಸಂಸ್ಥೆಯ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟವು ೨೦೦೯ರ ಜೂನ್‌ನಲ್ಲಿ ಫೇಸ್‌ಬುಕ್ ತಾಣದಲ್ಲಿ ಆರಂಭವಾಗಿ ಕೋಟ್ಯಂತರ ಆಟಗಾರರನ್ನು ಸೆಳೆಯಿತು. ಅದು ನಿಂತಿದ್ದುದು ಅಡೋಬಿ ಸಂಸ್ಥೆಯ ‘ಫ್ಲ್ಯಾಶ್ ಪ್ಲೇಯರ್’ ಎಂಬ ಪೂರಕ ತಂತ್ರಾಂಶದ ಮೇಲೆ. ಫ್ಲ್ಯಾಶ್‌ನಲ್ಲಿ ಭದ್ರತಾ ಲೋಪಗಳು ಪದೇ ಪದೇ ಕಂಡುಬಂದವು. ಐಫೋನ್ ಅದಕ್ಕೆ ಅವಕಾಶ ನೀಡಲಿಲ್ಲ. ಅದರ ಕೆಲಸವನ್ನು ಎಚ್‌ಟಿಎಂಎಲ್-೫ ಮಾಡತೊಡಗಿತು. ೨೦೧೭ರ ಜುಲೈನಲ್ಲಿ ಮುನ್ಸೂಚನೆ ನೀಡಿದ ಅಡೋಬಿ, ೨೦೨೦ರ ಡಿಸೆಂಬರ್ ೩೧ರಂದು ಬೆಂಬಲವನ್ನು ನಿಲ್ಲಿಸಿ, ೨೦೨೧ರ ಜನವರಿ ೧೨ರಿಂದ ಫ್ಲ್ಯಾಶ್ ಕಡತಗಳು ತೆರೆಯದಂತೆ ತಡೆಯಿತು. ಮೂಲ ಫಾರ್ಮ್‌ವಿಲ್ ಆಟವೂ ಅದೇ ಡಿಸೆಂಬರ್ ೩೧ರಂದು ಮುಚ್ಚಿತು. ಆಟಗಾರರು ಹಣ ಕೊಟ್ಟು ಕೊಂಡಿದ್ದ ವಸ್ತುಗಳು ಅದರೊಂದಿಗೇ ಹೋದವು.

ಮೂರು ವರ್ಷಕ್ಕೂ ಮೀರಿದ ಮುನ್ಸೂಚನೆಯಿದ್ದರೂ ಎಲ್ಲರೂ ಸಿದ್ಧರಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಕಂದಾಯ ಇಲಾಖೆಯ ಕೆಲವು ತೆರಿಗೆ ನಮೂನೆಗಳು ಫ್ಲ್ಯಾಶ್‌ನಲ್ಲಿಯೇ ಇದ್ದುದರಿಂದ, ಅವುಗಳನ್ನು ತುಂಬಿಸಲೆಂದೇ ಇಲಾಖೆಯು ೨೦೨೧ರ ಜನವರಿಯಲ್ಲಿ ತನ್ನದೇ ಬ್ರೌಸರನ್ನು ಬಿಡುಗಡೆ ಮಾಡಬೇಕಾಯಿತು. ಸಣ್ಣ ಉದ್ದಿಮೆದಾರನಿಗೆ ಅಂತಹ ಅನುಕೂಲವಿರುವುದಿಲ್ಲ.

೨. ಕನ್ನಡೀಕರಣದ ತೊಡಕುಗಳು

ಒಂದು ಭಾಷೆಗೆಂದು ರಚಿಸಿದ ಆಟವನ್ನು ಇನ್ನೊಂದು ಭಾಷೆಗೆ ತರುವಾಗ ಪದಗಳ ಅನುವಾದ ಮಾತ್ರ ಸಾಲದು. ನಮ್ಮ ಲಿಪಿಯನ್ನೇ ಉದಾಹರಣೆಯಾಗಿ ನೋಡೋಣ.

(ಅ) ‘ವ್ಯಾಪಾರ’ ಎಂಬ ಪದ ನಮಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತಗಳು. ಯುಟಿಎಫ್-೮ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ೩ ಬೈಟ್‌ನಂತೆ ಒಟ್ಟು ೨೧ ಬೈಟ್. ಹೆಸರಿಗೆ ೨೦ ಬೈಟ್ ಸ್ಥಳ ಮಾತ್ರ ಮೀಸಲಿಟ್ಟ ತಂತ್ರಾಂಶದಲ್ಲಿ ಈ ಒಂದು ಪದವೇ ಹಿಡಿಯದು.

(ಆ) ಅನೇಕ ಆಟಗಳು ಅಕ್ಷರಗಳನ್ನು ಚಿತ್ರಗಳಂತೆ ಒಂದರ ಪಕ್ಕ ಒಂದು ಜೋಡಿಸುತ್ತವೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯದೆ, ಗುಣಿತ ಕೂಡದೆ ಪದ ಒಡೆಯುತ್ತದೆ.

(ಇ) ಹೆಸರಿನ ಜಾಗ ಖಾಲಿ ಬಿಟ್ಟು ಮುಂದೆ ‘ಗೆ’ ಎಂದು ಸೇರಿಸುವ ವಾಕ್ಯ ‘ಲಕ್ಷ್ಮಿಗೆ’ ಎಂಬಲ್ಲಿ ಸರಿಹೋಗುತ್ತದೆ; ಆದರೆ ‘ಗೋಪಾಲಗೆ’, ‘ಸಂಘಗೆ’ ಎಂದೂ ಮುದ್ರಿಸುತ್ತದೆ. ‘ಖರೀದಿದಾರರು: ಗೋಪಾಲ’ ಎಂದು ಹೆಸರನ್ನು ಬೇರೆಯಾಗಿಡುವುದು ಸುಲಭ ಪರಿಹಾರ.

(ಈ) ಹನ್ನೆರಡೂವರೆ ಲಕ್ಷವನ್ನು ನಾವು ೧೨,೫೦,೦೦೦ ಎಂದು ಬರೆದರೆ, ವಿದೇಶಿ ತಂತ್ರಾಂಶ ೧,೨೫೦,೦೦೦ ಎಂದು ತೋರಿಸಬಹುದು. ೩/೪ ಎಂಬ ದಿನಾಂಕ ನಮಗೆ ಏಪ್ರಿಲ್ ೩. ಅಮೆರಿಕದ ಕ್ರಮದಲ್ಲಿ ಮಾರ್ಚ್ ೪. ಆಟದಲ್ಲಿ ಇದು ಕಿರಿಕಿರಿ. ಇನ್‌ವಾಯ್ಸಿನಲ್ಲಿ ವಹಿವಾಟಿನ ಆರ್ಥಿಕ ವರ್ಷವೇ ಬದಲಾಗುತ್ತದೆ.

(ಉ) ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಗ್ರಾಹಕರ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಸೇರಿಸಿದರೆ ಬ್ರೌಸರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

೩. ಲೆಕ್ಕಪತ್ರದ ದೃಷ್ಟಿ

ಆಟದಲ್ಲಿ ಬಹುಕಾಲ ಬಳಸುವ ವಸ್ತುವನ್ನು, ಉದಾಹರಣೆಗೆ ಟ್ರಾಕ್ಟರನ್ನು, ಮಾರಿ ಬಂದ ಹಣವನ್ನು ಜಿಂಗಾ ಅಂದೇ ಆದಾಯವೆಂದು ತೋರಿಸುತ್ತಿರಲಿಲ್ಲ. ಹಣ ಕೊಡುವ ಆಟಗಾರನು ಆಟದಲ್ಲಿ ಉಳಿಯುವ ಸರಾಸರಿ ಅವಧಿಯನ್ನು ಅಂದಾಜು ಮಾಡಿ, ಆ ಅವಧಿಗೆ ಹಂಚುತ್ತಿತ್ತು. ಇದೇ ತತ್ತ್ವ ನಮಗೂ ಅನ್ವಯಿಸುತ್ತದೆ. ವಾರ್ಷಿಕ ನಿರ್ವಹಣಾ ಒಪ್ಪಂದದ ಹಣವನ್ನು ಮುಂಗಡವಾಗಿ ಪಡೆದವರಿಗೆ ಮಾರ್ಚ್ ೩೧ರ ನಂತರದ ಅವಧಿಯ ಭಾಗ ಹೊಣೆ; ಕೊಟ್ಟವರಿಗೆ ಅದು ಮುಂಗಡ ವೆಚ್ಚ.

ಸ್ವಂತಕ್ಕೆ ಕೊಂಡ ತಂತ್ರಾಂಶದ ವಿಷಯದಲ್ಲಿ ಲೆಕ್ಕಪತ್ರ ಮಾನಕ ೨೬ ಗಮನಾರ್ಹ. ಅಮೂರ್ತ ಆಸ್ತಿಯ ಉಪಯುಕ್ತ ಆಯುಷ್ಯ ಸಾಮಾನ್ಯವಾಗಿ ೧೦ ವರ್ಷ ಮೀರದೆಂದು ಅದು ಭಾವಿಸುತ್ತದೆ. ತಂತ್ರಜ್ಞಾನ ಬೇಗ ಹಳತಾಗುವುದರಿಂದ ತಂತ್ರಾಂಶದ ಆಯುಷ್ಯ ಇನ್ನೂ ಕಡಮೆಯಾಗಿರುವ ಸಂಭವವಿದೆಯೆಂದೂ ಹೇಳುತ್ತದೆ. ಆಧಾರ ತಂತ್ರಜ್ಞಾನ ನಿಲ್ಲುವ ದಿನಾಂಕ ಪ್ರಕಟವಾದ ಮೇಲೆ ಉಳಿದ ಮೌಲ್ಯವನ್ನು ಆ ದಿನಾಂಕದಾಚೆಗೆ ಹಂಚುವುದು ಸಮರ್ಥನೀಯವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ದಾಖಲೆಗಳ ಸಂರಕ್ಷಣೆ. ೨೦೧೩ರ ಕಂಪನಿಗಳ ಕಾಯಿದೆಯ ೧೨೮ನೆಯ ಕಲಮಿನಂತೆ ಕಂಪನಿಗಳು ಕನಿಷ್ಠ ೮ ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ಜಿಎಸ್‌ಟಿ ಕಾಯಿದೆಯ ೩೬ನೆಯ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ ೭೨ ತಿಂಗಳು ಲೆಕ್ಕಪತ್ರಗಳು ಲಭ್ಯವಿರಬೇಕು. ತಂತ್ರಾಂಶ ನಿಂತುಹೋಯಿತೆಂಬ ಕಾರಣಕ್ಕೆ ಈ ಹೊಣೆ ತಪ್ಪುವುದಿಲ್ಲ.

೪. ಒಪ್ಪಂದಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

• ತಂತ್ರಾಂಶವು ಯಾವ ಆಧಾರದ ಮೇಲೆ ನಿಂತಿದೆ? ಒಂದೇ ಬ್ರೌಸರ್ ಅಥವಾ ಒಂದೇ ಸಂಸ್ಥೆಯ ಪೂರಕ ತಂತ್ರಾಂಶ ಬೇಕೇ?
• ನಮ್ಮ ಎಲ್ಲ ದತ್ತಾಂಶವನ್ನು ಸಾಮಾನ್ಯ ಸ್ಪ್ರೆಡ್‌ಶೀಟ್ ಕಡತವಾಗಿ ನಾವೇ ಇಳಿಸಿಕೊಳ್ಳಬಹುದೇ?
• ಸೇವೆ ನಿಲ್ಲಿಸುವ ಮುನ್ನ ಎಷ್ಟು ತಿಂಗಳ ಸೂಚನೆ? ಅದು ಒಪ್ಪಂದದಲ್ಲಿ ಲಿಖಿತವಾಗಿದೆಯೇ?
• ಕನ್ನಡದ ಹೆಸರು ಮತ್ತು ವಿಳಾಸಗಳು ಪರದೆಯಲ್ಲಿ, ಮುದ್ರಣದಲ್ಲಿ, ಹುಡುಕಾಟದಲ್ಲಿ ಸರಿಯಾಗಿ ಬರುತ್ತವೆಯೇ?

ಕೊನೆಯ ಪ್ರಶ್ನೆಗೆ ಮಾರಾಟಗಾರರ ಮಾತನ್ನು ನೆಚ್ಚದೆ, ತಮ್ಮದೇ ಗ್ರಾಹಕರ ಪಟ್ಟಿಯಿಂದ ಒತ್ತಕ್ಷರವುಳ್ಳ ಹತ್ತು ಹೆಸರುಗಳನ್ನು ಎದುರಿನಲ್ಲೇ ತುಂಬಿಸಿ ನೋಡಬೇಕು. ಎರಡನೆಯದಕ್ಕೂ ಅಂತೆಯೇ: ಪ್ರತಿ ತಿಂಗಳ ರಿಟರ್ನ್ ಸಲ್ಲಿಸಿದ ದಿನವೇ ದತ್ತಾಂಶದ ಒಂದು ಪ್ರತಿಯನ್ನು ಇಳಿಸಿ, ತೆರೆದು ನೋಡಿ, ಬೇರೆಡೆ ಇರಿಸುವ ಪದ್ಧತಿಯನ್ನು ಸದಸ್ಯರು ಈ ತಿಂಗಳಿನಿಂದಲೇ ರೂಢಿಸಿಕೊಳ್ಳುವುದು ಒಳಿತು.