ಮೂಗಿಗೆ ವಸ್ತ್ರ ಕಟ್ಟಿದರೆ ಸಾಕೇ? ಕೀಟನಾಶಕ ಮತ್ತು ನರವ್ಯೂಹ: ಒಂದು ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ನಿಯಂತ್ರಣ ಮತ್ತು ಸಹಭಾಗಿತ್ವ
ಸ್ಥಳ: ಚೀಕಲಪರ್ವಿ, ಮಾನ್ವಿ ತಾಲ್ಲೂಕು

ಪೂರ್ವಜ್ಞಾನ ಪರೀಕ್ಷೆ
ತುಂಗಭದ್ರೆಯ ದಂಡೆಯ ಈ ಊರಿನ ಮಕ್ಕಳಿಗೆ ಭತ್ತ, ಹತ್ತಿಯ ಕೆಲಸ ಹೊಸದಲ್ಲ. "ಎಣ್ಣಿ ಹೊಡೆಯುವಾಗ ನೀರು ತಂದುಕೊಟ್ಟವರು ಯಾರು?" ಎಂದಾಗ ಅರ್ಧ ತರಗತಿ ಕೈ ಎತ್ತಿತು. ಮೈಗೆ ತೊಂದರೆಯಾಗದಂತೆ ಏನು ಮಾಡುತ್ತೀರಿ ಎಂದರೆ ಉತ್ತರ ಒಂದೇ: "ಮೂಗಿಗೆ ವಸ್ತ್ರ ಕಟ್ಟತೀವ್ರಿ ಮೇಡಂ." ವಿಷ ಚರ್ಮದಿಂದಲೂ ಒಳಸೇರುತ್ತದೆ ಎಂದು ಮನಗಾಣಿಸುವುದೇ ಪಾಠದ ಮುಖ್ಯ ಉದ್ದೇಶ.

ಚಟುವಟಿಕೆ
ಹೊಸ ಸ್ಪ್ರೇ ಬಾಟಲಿಯಲ್ಲಿ ಬಟ್ಟೆಯ ನೀಲಿ ಬೆರೆಸಿದ ನೀರು ತುಂಬಿದೆ. ಬಳಸಿದ ಪಂಪನ್ನು ಶಾಲೆಗೆ ತರಲೇಬಾರದು. ಒಬ್ಬ ವಿದ್ಯಾರ್ಥಿಯ ಎದೆ, ತೋಳು, ತೊಡೆಗೆ ಬಿಳಿ ಹಾಳೆ ಕಟ್ಟಿ ಗಾಳಿಗೆ ಎದುರಾಗಿ ಸಿಂಪಡಿಸಲು ಹೇಳಿದೆ. ಆಮೇಲೆ ಹಾಳೆ ಬದಲಿಸಿ, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಿದ. ಮೊದಲ ಸಲದ ಹಾಳೆಗಳಲ್ಲಿ ನೀಲಿ ಚುಕ್ಕೆ ಎಣಿಸಲಾರದಷ್ಟಿದ್ದವು. ಮೂಗಿನ ವಸ್ತ್ರ ಇವನ್ನು ತಡೆಯುವುದೇ ಎಂದು ಕೇಳಿದೆ. ತರಗತಿ ಸುಮ್ಮನಾಯಿತು.

ವಿವರಣೆ
ನರಕೋಶವು ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕೊಡುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಮೊನೊಕ್ರೊಟೊಫಾಸ್‌ನಂಥ ಆರ್ಗ್ಯಾನೊಫಾಸ್ಫೇಟ್ ಕೀಟನಾಶಕಗಳು ಆ ಕಿಣ್ವವನ್ನೇ ತಡೆಯುತ್ತವೆ. ಕಾಲುವೆಯ ತೂಬು ಮುಚ್ಚಲಾಗದಿದ್ದರೆ ಹೊಲಕ್ಕೆ ನೀರು ನುಗ್ಗುತ್ತಲೇ ಇರುವಂತೆ ಸಂದೇಶವೂ ನಿಲ್ಲುವುದಿಲ್ಲ. ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತವೆ, ಕಣ್ಣಪಾಪೆ ಕಿರಿದಾಗುತ್ತದೆ, ಸ್ನಾಯು ಅದುರುತ್ತದೆ, ವಿಪರೀತವಾದರೆ ಉಸಿರೇ ನಿಲ್ಲುತ್ತದೆ. ಹುಳ ಸಾಯುವುದೂ ಹೀಗೆಯೇ.

ಮೈಯ ಎಲ್ಲ ಭಾಗದ ಚರ್ಮ ಒಂದೇ ಸಮನಾಗಿ ಹೀರುವುದಿಲ್ಲ. 1971ರಲ್ಲಿ ಪ್ರಕಟವಾದ ಪ್ಯಾರಾಥಿಯಾನ್ ಅಧ್ಯಯನದಲ್ಲಿ ಮುಂದೋಳು ಸುಮಾರು 9% ಹೀರಿದರೆ ಹಣೆ ಸುಮಾರು 36% ಹೀರಿತ್ತು.

ವಿಸ್ತರಣೆ
2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಪಂಪು ಹಿಡಿಯದವರೂ ಸುರಕ್ಷಿತರಲ್ಲ ಎಂಬುದಕ್ಕೆ ಕಾಸರಗೋಡಿನ ಉದಾಹರಣೆ ಕೊಟ್ಟೆ. ಅಲ್ಲಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಸುತ್ತಲಿನ ಊರುಗಳ ಜನ ಕಾಯಿಲೆಗಳಿಂದ ನರಳಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಅಪ್ಪನ ಅಂಗಿ ಅವ್ವ ಒಗಿತಾಳ್ರಿ. ಆಕಿಗೂ ಹತ್ತತದೇನ್ರಿ?" ಹೌದು, ಹತ್ತುತ್ತದೆ. ಆ ಬಟ್ಟೆಯನ್ನು ಬೇರೆ ನೆನೆಸಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಸೋಪು ಹಚ್ಚಿ ಬೇರೆಯಾಗಿ ಒಗೆಯಬೇಕು. ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಮುಂದೆ ಈ ಪಾಠ ಮಾಡುವವರು ಸೇರಿಸಿಕೊಳ್ಳಲಿ.

ಕಪ್ಪುಹಲಗೆ ಸಾರಾಂಶ
1. ಮಕ್ಕಳು ಔಷಧಿ ಕಲಸಬಾರದು, ಹೊಡೆಯಬಾರದು.
2. ದೊಡ್ಡವರು ತುಂಬು ತೋಳಿನ ಅಂಗಿ, ಗ್ಲೌಸ್ ಹಾಕಿ, ತಂಪು ಹೊತ್ತಿನಲ್ಲಿ, ಗಾಳಿಗೆ ಬೆನ್ನು ಮಾಡಿ ಹೊಡೆಯಬೇಕು.
3. ಮೈಗೆ ಚೆಲ್ಲಿದರೆ ಕೂಡಲೇ ಬಟ್ಟೆ ತೆಗೆದು ಸೋಪು, ನೀರಿನಿಂದ ತೊಳೆಯಬೇಕು.
4. ತಲೆ ತಿರುಗಿ, ವಾಂತಿಯಾದರೆ ಆಸ್ಪತ್ರೆಗೆ ಹೋಗುವಾಗ ಡಬ್ಬಿಯ ಚೀಟಿಯನ್ನೂ ಒಯ್ಯಬೇಕು. ಯಾವ ವಿಷವೆಂದು ತಿಳಿದರೆ ಅಟ್ರೋಪಿನ್‌ನಂಥ ಮದ್ದನ್ನು ವೈದ್ಯರು ಬೇಗ ಕೊಡಬಲ್ಲರು.

ಮನೆಗೆಲಸ
ಡಬ್ಬಿ ಮುಟ್ಟದೆ, ಮನೆಯ ಹಿರಿಯರೊಂದಿಗೆ ಅದರ ಮೇಲಿನ ತ್ರಿಕೋನದ ಬಣ್ಣ ನೋಡಿ ಬರೆಯಿರಿ. ಕೆಂಪು ಅತಿ ಹೆಚ್ಚು ವಿಷ. ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ ಎಂಬುದನ್ನು ಮನೆಯವರಿಗೆ ಹೇಳಿ.