ಜಾಹೀರಾತಿನ ಷರತ್ತು

ಸಂಜೆ ವಾಚನಾಲಯಕ್ಕೆ ಬರುವ ನಮ್ಮವರಲ್ಲಿ ಅನೇಕರು ಮೊದಲು ಬಿಡಿಸುವುದು ನೌಕರಿಯ ಜಾಹೀರಾತುಗಳ ಪುಟವನ್ನು. ಮುಂಬಯಿ ಮಹಾನಗರಪಾಲಿಕೆಯ ಗುಮಾಸ್ತೆ ಹುದ್ದೆಗಳ ಪ್ರಕಟಣೆ ಬಂದ ದಿನವಂತೂ ಒಂದೇ ಪತ್ರಿಕೆಯ ಮೇಲೆ ನಾಲ್ಕು ತಲೆ. ಕೊನೆಗೆ ಯಾರಾದರೊಬ್ಬರು ಹೇಳುವುದುಂಟು: “ಬಿಡಿ, ಇದು ಮರಾಠಿಯವರಿಗೆ, ನಮಗಲ್ಲ.” ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ನೋಡೋಣ.

ಸರಕಾರಿ ನೌಕರಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳ—ಇವಷ್ಟೇ ಕಾರಣದಿಂದ ಭೇದವೆಣಿಸಬಾರದೆಂದು ಸಂವಿಧಾನದ 16ನೆಯ ವಿಧಿ ಹೇಳುತ್ತದೆ. ನಗರಪಾಲಿಕೆಗೂ ಇದು ಅನ್ವಯಿಸುತ್ತದೆ. ವಾಸಸ್ಥಳದ ಷರತ್ತನ್ನು ವಿಧಿಸುವ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ. ಉಡುಪಿಯಲ್ಲೋ ಕಲಬುರಗಿಯಲ್ಲೋ ಹುಟ್ಟಿದವನೆಂದು ಅರ್ಜಿಯನ್ನು ಬದಿಗಿಡುವಂತಿಲ್ಲ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿರಿ: ‘ಭಾಷೆ’ ಎಂಬ ಶಬ್ದ ಅದರಲ್ಲಿಲ್ಲ. ಪಾಲಿಕೆಯ ಷರತ್ತು ಇರುವುದು ಅಲ್ಲಿಯೇ. ಶಾಲಾಂತ ಪರೀಕ್ಷೆಯಲ್ಲಿ ಮರಾಠಿ ವಿಷಯ ಪಾಸಾಗಿರಬೇಕು. ಭಾಷಾ ಅಲ್ಪಸಂಖ್ಯಾತರಿಗೆ ಇಂತಹ ಪರೀಕ್ಷೆಯನ್ನು ಆಯ್ಕೆಯ ನಂತರ, ಪ್ರೊಬೇಷನ್ ಮುಗಿಯುವುದರೊಳಗೆ ನಡೆಸಬಹುದೆಂದು ಕೇಂದ್ರದ 1956ರ ಜ್ಞಾಪನಪತ್ರ ಹೇಳಿತ್ತು. ಅದು ರಾಜ್ಯದ ನೌಕರಿಗಳ ಬಗೆಗಿನ ಸಲಹೆ; ಕಾನೂನಲ್ಲ.

ಷರತ್ತು ಅನ್ಯಾಯವೇ? ನಮಗೆ ಹಾಗೆ ತೋರುವುದಿಲ್ಲ. ನೀರಿನ ಬಿಲ್ಲಿನ ತಕರಾರು ಹೇಳಲು ಬಂದ ಮುದುಕಿಯ ಮಾತು ಗುಮಾಸ್ತೆಗೆ ತಿಳಿಯಬೇಡವೇ? ಅವಳ ಕಡೆಯವರಿಗೂ ಹಳೆಯ ದೂರೊಂದಿದೆ. 1961ರ ಜನಗಣತಿಯಲ್ಲಿ ಈ ನಗರದ ಮರಾಠಿಗರು ಶೇಕಡಾ 42.8 ಮಾತ್ರ. ಆ ದಶಕದಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ಕಂಪೆನಿಗಳಲ್ಲಿದ್ದ ದಕ್ಷಿಣದ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ ಅಚ್ಚು ಹಾಕಿತು. 1966ರಲ್ಲಿ ಶಿವಸೇನೆ ಹುಟ್ಟಿತು. ತಮಿಳ, ಮಲೆಯಾಳಿ, ಕನ್ನಡಿಗ ಎಂಬ ವಿವೇಚನೆ ಬೀದಿಯಲ್ಲಿರಲಿಲ್ಲ; ಎಲ್ಲರೂ ‘ಮದ್ರಾಸಿ’. ಉಡುಪಿ ಹೊಟೇಲಿನ ಹುಡುಗನೂ ಅದರಲ್ಲಿ ಸೇರಿದ್ದ. ಆ ಭಯವನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ.

ಆದರೂ ಒಂದು ಮಾತು ಒಪ್ಪಲೇಬೇಕು. ಕರ್ನಾಟಕದಲ್ಲಿ ಕನ್ನಡಿಗರಿಗೇ ಕೆಲಸವೆಂದು 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಾಗ ಮುಂಬಯಿಯಲ್ಲಿ ಕುಳಿತು ತಲೆದೂಗಿದವರು ನಾವೇ. ಖಾಸಗಿ ಕೆಲಸಗಳಿಗಾಗಿ 2024ರಲ್ಲಿ ಅಲ್ಲಿನ ಸಂಪುಟ ಒಪ್ಪಿ ಆಮೇಲೆ ತಡೆಹಿಡಿದ ಮಸೂದೆಯಲ್ಲಿ ‘ಸ್ಥಳೀಯ’ನಾಗಲು 15 ವರ್ಷದ ವಾಸ ಬೇಕೆಂದಿತ್ತು. ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರ ಕೇಳುವುದೂ 15 ವರ್ಷವನ್ನೇ!

ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಈ ತೊಡಕು ಅಷ್ಟಾಗಿಲ್ಲ. 2020ರ ಕಾಯಿದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಕಷ್ಟವಿರುವುದು ಊರಿನಲ್ಲಿ ಓದು ಮುಗಿಸಿ ರೈಲು ಹತ್ತಿದವನಿಗೆ. ಅವನ ಅರ್ಜಿ ತಡೆಯುವುದು ಹುಟ್ಟಿದ ಊರಿಗಾಗಿ ಅಲ್ಲ, ಅಂಕಪಟ್ಟಿಯಲ್ಲಿಲ್ಲದ ಆ ಒಂದು ಸಾಲಿಗಾಗಿ.