ಒಂದು ಕಾರು, ಎರಡು ಬ್ಯಾಟರಿ

ಕಳೆದ ಬಾರಿ ದಮ್ಮಾಮಿಗೆ ಹೊರಡುವಾಗ ಉಪ್ಪ ಕಾರಿನ ಕೀಯನ್ನು ನನ್ನ ಕೈಗೆ ಕೊಟ್ಟು, "ನಾನು ಬರುವವರೆಗೆ ಇದು ನಿನ್ನ ಹತ್ತಿರ ಅಮಾನತ್" ಎಂದರು. ಪೇಪರಿನಲ್ಲಿ ಬರುವ ಅಮಾನತು ಅಲ್ಲ, ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥದ ಅಮಾನತ್. ಅದು ಅವರು ವರ್ಷಗಟ್ಟಲೆ ಉಳಿಸಿದ ಹಣದಲ್ಲಿ ತೆಗೆದ ಎಲೆಕ್ಟ್ರಿಕ್ ಕಾರು. ಉಪ್ಪ ಊರಿನಲ್ಲಿರುವ ಎರಡು ತಿಂಗಳು ಮಾತ್ರ ಓಡುತ್ತದೆ. ಉಮ್ಮನಿಗೆ ಡ್ರೈವಿಂಗ್ ಬಾರದು, ನನಗೆ 17 ವರ್ಷ, ಲೈಸೆನ್ಸ್ ಇಲ್ಲ. ಉಳಿದ ಹತ್ತು ತಿಂಗಳು ಅದು ಶೆಡ್ಡಿನಲ್ಲಿ ಕವರ್ ಹೊದ್ದು ಮಲಗಿರುತ್ತದೆ. ಇಂಥ ಮನೆಯಿಂದ ನಮ್ಮ ಕಾಲೇಜಿಗೆ ಬರುವವಳು ನಾನೊಬ್ಬಳೇ ಅಲ್ಲ ಎಂದು ಗೊತ್ತಿರುವುದರಿಂದ, ನಾನು ಮಾಡಿದ ತಪ್ಪನ್ನೂ ಅದರಿಂದ ಕಲಿತ ರಸಾಯನಶಾಸ್ತ್ರವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಮಾನತ್ತನ್ನು ನಾನು ಬಹಳ ಮುತುವರ್ಜಿಯಿಂದಲೇ ನೋಡಿಕೊಂಡೆ. ಉಪ್ಪ ಹೋದ ದಿನವೇ ಚಾರ್ಜಿಗೆ ಹಾಕಿ 100 ಮಾಡಿದೆ. ತಿಂಗಳಿಗೊಮ್ಮೆ ನೋಡಿ, 97ಕ್ಕೋ 96ಕ್ಕೋ ಇಳಿದಿದ್ದರೆ ಮತ್ತೆ 100ಕ್ಕೆ ಏರಿಸಿದೆ. ತುಂಬಿದ ಕೊಡದ ಹಾಗೆ ಇದ್ದರೆ ಬ್ಯಾಟರಿಗೆ ಒಳ್ಳೆಯದು ಎಂದು ನನ್ನ ಲೆಕ್ಕ. ಜನವರಿಯಿಂದ ಪ್ರಥಮ ಪಿಯುಸಿ ಪರೀಕ್ಷೆಯ ಓದು ಶುರುವಾಯಿತು, ಕಾರಿನ ಕಡೆ ಸುಳಿಯಲಿಲ್ಲ. ಸುಮಾರು 80 ದಿನ ಕಳೆದು, ಉಪ್ಪ ರಜೆಗೆ ಬರುವ ವಾರ, ಕವರ್ ತೆಗೆದು ಕೀ ಒತ್ತಿದೆ. ಕಾರು ಕಣ್ಣು ಮಿಟುಕಿಸಲಿಲ್ಲ. ಬಾಗಿಲೂ ತೆರೆಯಲಿಲ್ಲ.

ಮಾಮ ಕರೆತಂದ ಗ್ಯಾರೇಜಿನವರು ಒಂದು ಸುತ್ತು ಹೊಡೆದು, "ದೊಡ್ಡ ಬ್ಯಾಟರಿಯೇ ಹೋಗಿರಬೇಕು, ಲಕ್ಷಗಟ್ಟಲೆ ಆಗ್ತದೆ" ಎಂದು ಹೇಳಿ ಹೋದರು. ಆ ರಾತ್ರಿ ಉಮ್ಮ ಉಪ್ಪನ ಫೋನನ್ನು ನನಗೆ ಕೊಡಲಿಲ್ಲ. ನಾನು ಅತ್ತುಬಿಡುತ್ತೇನೆಂದು ಅವರಿಗೆ ಗೊತ್ತಿತ್ತು.

ಮರುದಿನ ಇನ್ವರ್ಟರ್ ರಿಪೇರಿ ಮಾಡುವ ನೆರೆಮನೆಯವರು ಬಂದರು. ರಿಮೋಟ್ ಕೀಯ ಹೊಟ್ಟೆಯಲ್ಲಿ ಅಡಗಿರುವ ಸಣ್ಣ ಲೋಹದ ಕೀಯನ್ನು ಎಳೆದು ಬಾಗಿಲು ತೆರೆದರು. (ನಿಮ್ಮ ಮನೆಯ ಕೀಯಲ್ಲಿ ಅದು ಎಲ್ಲಿದೆ ಎಂದು ಇವತ್ತೇ ನೋಡಿಡಿ.) ಬಾನೆಟ್ ಎತ್ತಿದರೆ ಅಲ್ಲೊಂದು ಮಾಮೂಲಿ 12 ವೋಲ್ಟ್ ಬ್ಯಾಟರಿ! ಎಲೆಕ್ಟ್ರಿಕ್ ಕಾರಿನಲ್ಲಿ ಅಂಥದ್ದೊಂದು ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಲ್ಟಿಮೀಟರ್ ಇಟ್ಟರೆ 8.6 ವೋಲ್ಟ್. ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಕೊಟ್ಟ ಕೂಡಲೇ ಕಾರು ಎಚ್ಚೆತ್ತಿತು. ಪರದೆಯ ಮೇಲೆ ದೊಡ್ಡ ಬ್ಯಾಟರಿಯ ಚಾರ್ಜ್ ಶೇ. 97.

ಹೊಟ್ಟೆ ತುಂಬಿದ್ದರೂ ಕಾರು ಏಕೆ ಸತ್ತಂತಿತ್ತು? ಕಾರಿನ ನೆಲದಡಿ ಇರುವ ದೊಡ್ಡ ಲಿಥಿಯಂ ಬ್ಯಾಟರಿ ನೂರಾರು ವೋಲ್ಟಿನದು. ಸುರಕ್ಷತೆಗಾಗಿ, ಕಾರು ಆಫ್ ಆಗಿರುವಾಗ ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚುಗಳು ಅದನ್ನು ಉಳಿದೆಲ್ಲದರಿಂದ ಬೇರ್ಪಡಿಸಿಡುತ್ತವೆ. ಆ ಸ್ವಿಚ್ಚನ್ನು ಎಳೆದು ಜೋಡಿಸಲು ಬೇಕಾದ ಕರೆಂಟ್ ಬರುವುದು 12 ವೋಲ್ಟ್ ಬ್ಯಾಟರಿಯಿಂದ. ಬಾಗಿಲ ಲಾಕ್, ಒಳಗಿನ ಕಂಪ್ಯೂಟರುಗಳು, ಲೈಟು ಎಲ್ಲವೂ ಅದರದ್ದೇ. ದೊಡ್ಡದರ ಶಕ್ತಿ 30 ಕಿಲೋವ್ಯಾಟ್ ಅವರ್ ಎಂದಿಟ್ಟುಕೊಳ್ಳಿ. 45 ಆಂಪಿಯರ್ ಅವರ್‌ನ ಚಿಕ್ಕದರಲ್ಲಿ ಇರುವುದು 12 × 45 = 540 ವ್ಯಾಟ್ ಅವರ್, ಅಂದರೆ ಸುಮಾರು 55ರಲ್ಲಿ ಒಂದು ಪಾಲು. ಆದರೂ ಖಜಾನೆಯ ಕೀಲಿ ಇರುವುದು ಚಿಕ್ಕದರ ಸೊಂಟದಲ್ಲಿ.

ಕಾರು ನಿಂತಿದ್ದರೂ ಅಲಾರಂ, ರಿಮೋಟಿಗೆ ಕಿವಿಗೊಟ್ಟಿರುವ ಸರ್ಕ್ಯೂಟ್, ಮೊಬೈಲ್ ಆ್ಯಪಿಗೆ ಸುದ್ದಿ ಕಳಿಸುವ ಸಿಮ್, ಇವೆಲ್ಲ ಚಿಕ್ಕದರಿಂದ ಹನಿಹನಿಯಾಗಿ ಹೀರುತ್ತಿರುತ್ತವೆ. 30 ಮಿಲಿ ಆಂಪಿಯರ್ ಎಂದೇ ಲೆಕ್ಕ ಹಾಕಿ. 45 ಅನ್ನು 0.03ರಿಂದ ಭಾಗಿಸಿದರೆ 1500 ಗಂಟೆ, ಅಂದರೆ 62 ದಿನ. ನಾನು ಬಿಟ್ಟದ್ದು 80 ದಿನ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತಿದ್ದಾಗ ಈ ತೊಂದರೆ ಬರಲಿಲ್ಲ, ಏಕೆಂದರೆ ಚಾರ್ಜ್ ಆಗುವಾಗಲೂ ಕಾರು ಆನ್ ಇರುವಾಗಲೂ ಡಿಸಿ-ಡಿಸಿ ಕನ್ವರ್ಟರ್ ಎಂಬ ಸಾಧನ ದೊಡ್ಡದರಿಂದ ಚಿಕ್ಕದಕ್ಕೆ ತುಂಬಿಸುತ್ತದೆ. ಕೆಲವು ಕಾರುಗಳು ನಿಂತಲ್ಲೇ ಇದನ್ನು ತಾವಾಗಿ ಮಾಡಿಕೊಳ್ಳುತ್ತವೆ. ನಮ್ಮದು ಮಾಡುವುದಿಲ್ಲ.

ನಮ್ಮ ಕಾರಿನ ಚಿಕ್ಕ ಬ್ಯಾಟರಿ ದ್ವಿತೀಯ ಪಿಯುಸಿ ಪುಸ್ತಕದಲ್ಲಿರುವ ಅದೇ ಲೆಡ್ ಸ್ಟೋರೇಜ್ ಬ್ಯಾಟರಿ. ಖಾಲಿಯಾಗುತ್ತ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಮತ್ತೆ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ನಮ್ಮದು ಹಾಗೆಯೇ ಆಯಿತು, ಹೊಸದು ಹಾಕಬೇಕಾಯಿತು. ಲಕ್ಷದ ಮಾತು ಕೆಲವು ಸಾವಿರಕ್ಕೆ ಇಳಿಯಿತು ಎಂದು ಉಮ್ಮ ಶುಕ್ರ್ ಹೇಳಿದರು.

ಸಂತೋಷದಲ್ಲಿ ಇದನ್ನೆಲ್ಲ ನಮ್ಮ ಕೆಮಿಸ್ಟ್ರಿ ಸರ್ ಹತ್ತಿರ ಹೇಳಿದೆ. ಅವರು ನಗಲಿಲ್ಲ. "ದೊಡ್ಡದನ್ನು ಇಷ್ಟು ತಿಂಗಳು ಎಷ್ಟಕ್ಕೆ ಇಟ್ಟಿದ್ದೆ?" ಎಂದು ಕೇಳಿದರು. "100ಕ್ಕೆ ಸರ್." "ಶೆಡ್ಡಿಗೆ ಹಂಚೋ, ಶೀಟೋ?" "ಶೀಟು ಸರ್." ಆಗ ಅವರು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇ ಈ ಲೇಖನದ ಮುಖ್ಯ ಭಾಗ.

ಲಿಥಿಯಂ ಬ್ಯಾಟರಿ ಎರಡು ರೀತಿಯಲ್ಲಿ ಮುಪ್ಪಾಗುತ್ತದೆ. ಬಳಸಿ ಬಳಸಿ ಸವೆಯುವುದು ಒಂದು. ಸುಮ್ಮನೆ ಇಟ್ಟಲ್ಲೇ ಸವೆಯುವುದು ಇನ್ನೊಂದು. ವರ್ಷಕ್ಕೆ ಹತ್ತು ತಿಂಗಳು ನಿಲ್ಲುವ ಕಾರಿಗೆ ಎರಡನೆಯದೇ ಶತ್ರು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ಬಿಟ್ಟು ಎಲೆಕ್ಟ್ರೋಲೈಟ್ ದಾಟಿ ಆನೋಡಿನ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಗ್ರಾಫೈಟಿನ ಮೈಮೇಲೆ ಎಲೆಕ್ಟ್ರೋಲೈಟ್ ಅಪಕರ್ಷಣಗೊಂಡು ಒಂದು ತೆಳು ಪೊರೆ ಕಟ್ಟುತ್ತದೆ. ಈ ಪೊರೆ ಬೇಕು, ಅದು ಆನೋಡನ್ನು ಕಾಯುತ್ತದೆ. ಆದರೆ ನಿಧಾನವಾಗಿ ದಪ್ಪವಾಗುತ್ತ ಹೋಗುತ್ತದೆ, ಮತ್ತು ಬೆಳೆಯುವಾಗ ಕೆಲಸಕ್ಕೆ ಬರಬೇಕಾದ ಲಿಥಿಯಂ ಅನ್ನೇ ನುಂಗುತ್ತದೆ. ಹಾಗೆ ನುಂಗಿದ್ದು ಹಿಂದೆ ಬರುವುದಿಲ್ಲ. ಅಷ್ಟು ಕಿಲೋಮೀಟರ್ ಕಾರಿನ ಲೆಕ್ಕದಿಂದ ಹೋದಂತೆಯೇ.

ಬ್ಯಾಟರಿ ತುಂಬಿದಷ್ಟೂ ಗ್ರಾಫೈಟಿನಲ್ಲಿ ಲಿಥಿಯಂ ಹೆಚ್ಚು, ಅದರ ವಿಭವ ಕಡಿಮೆ, ಆದ್ದರಿಂದ ಎಲೆಕ್ಟ್ರೋಲೈಟನ್ನು ಅಪಕರ್ಷಿಸುವ ಒತ್ತಡವೂ ಹೆಚ್ಚು. ಆ ಕಡೆ ಕ್ಯಾಥೋಡಿನಲ್ಲಿ ವೋಲ್ಟೇಜ್ ಮೇಲಿರುವುದರಿಂದ ಉತ್ಕರ್ಷಣದ ಹಾನಿ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆಸಿದ ಕ್ಯಾಥೋಡ್ ಇರುವ ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್ ಮುಟ್ಟುತ್ತದೆ. ಅಲ್ಲಿ ಈ ಹಾನಿ ಹೆಚ್ಚು. ನಮ್ಮ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್, ಸುಮಾರು 3.65ಕ್ಕೇ ತುಂಬುತ್ತದೆ. ಅದು ಸ್ವಲ್ಪ ಸಹನೆಯದು. ಆದರೆ ಆನೋಡ್ ಅದರಲ್ಲೂ ಗ್ರಾಫೈಟೇ, ಪೊರೆ ಅದರಲ್ಲೂ ಬೆಳೆಯುತ್ತದೆ. (ಈ ಫಾಸ್ಫೇಟ್ ಕ್ಯಾಥೋಡನ್ನು 1997ರ ಪ್ರಬಂಧದಲ್ಲಿ ತೋರಿಸಿಕೊಟ್ಟವರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಎರಡನೆಯ ಹೆಸರನ್ನು ಸರ್ ಎರಡು ಸಲ ಓದಿಸಿದರು. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ 97 ವರ್ಷ.)

ಇನ್ನು ಶೀಟಿನ ಪ್ರಶ್ನೆ. ಅರ್ಹೀನಿಯಸ್ ಸಮೀಕರಣ ಮಾರ್ಕಿಗೆ ಮಾತ್ರ ಎಂದುಕೊಂಡಿದ್ದೆ. ತಾಪ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ದುಪ್ಪಟ್ಟು ಎಂಬ ಪುಸ್ತಕದ ಮಾತು ಈ ಪೊರೆಗೂ ಅಂದಾಜಿಗೆ ಹೊಂದುತ್ತದೆ. ಏಪ್ರಿಲ್ ಮಧ್ಯಾಹ್ನ ಥರ್ಮಾಮೀಟರ್ ಇಟ್ಟು ನೋಡಿದೆ: ಶೀಟಿನಡಿ 41, ಹಿತ್ತಲಿನ ಹಲಸಿನ ಮರದಡಿ 33. ಬ್ಯಾಟರಿ ಭಾರದ್ದು, ತಡವಾಗಿ ಕಾಯುತ್ತದೆ, ಆದರೆ ತಡವಾಗಿಯೇ ಆರುತ್ತದೆ ಕೂಡ. ತುಂಬಿದ ಚಾರ್ಜು ಮತ್ತು ಬಿಸಿ, ಇವೆರಡೂ ಸೇರಿದ್ದೇ ನಾನು ಮಾಡಿದ ಉಪಚಾರ.

ಹಾಗಾದರೆ ಖಾಲಿ ಇಡಬೇಕೇ? ಅದೂ ಅಲ್ಲ. ಸೆಲ್ಲಿನ ವೋಲ್ಟೇಜ್ ತೀರಾ ಕೆಳಗೆ ಹೋದರೆ ಆನೋಡಿನ ಹಿಂದಿರುವ ತಾಮ್ರದ ಹಾಳೆ ಕರಗಲು ತೊಡಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಕಾರಿನ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಅಷ್ಟು ದೂರ ಹೋಗಲು ಬಿಡುವುದಿಲ್ಲ, ಆದರೆ ಶೇ. 5ರಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ಮರೆತರೆ ಅದು ಕೂಡ ಏನು ಮಾಡೀತು? ಮಧ್ಯದಲ್ಲಿ, ಶೇ. 40ರಿಂದ 60ರೊಳಗೆ ಇಡುವುದು ಸರಿ.

ಗಮನಿಸಿ, ಒಂದೇ ಕಾರಿನಲ್ಲಿರುವ ಎರಡು ಬ್ಯಾಟರಿಗಳ ಸ್ವಭಾವ ತದ್ವಿರುದ್ಧ. ಸೀಸದ್ದು ತುಂಬಿರಬೇಕು, ಲಿಥಿಯಂ ಅರ್ಧವಿರಬೇಕು. ನಾನು ದೊಡ್ಡದಕ್ಕೆ ಚಿಕ್ಕದರ ಆರೈಕೆ ಮಾಡಿ, ಚಿಕ್ಕದನ್ನು ಉಪವಾಸ ಕೆಡವಿದ್ದೆ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಸೀಸದ್ದಾಗಿದ್ದರೆ ಸದಾ ಚಾರ್ಜಿನಲ್ಲಿರುವುದು ಸರಿ, ನಿಮ್ಮ ಲ್ಯಾಪ್‌ಟಾಪನ್ನು ರಜೆಯಿಡೀ 100ರಲ್ಲಿ ಕಪಾಟಿನಲ್ಲಿಡುವುದು ಸರಿಯಲ್ಲ.

ಈಗ ಕಾರು ಹಲಸಿನ ಮರದ ಪಕ್ಕದ ಹಂಚಿನ ಮಾಡಿನಡಿ ಇದೆ. ದೊಡ್ಡದು 55ರಲ್ಲಿದೆ, 40ಕ್ಕಿಂತ ಕೆಳಗೆ ಹೋದರೆ ಮಾತ್ರ ಮತ್ತೆ ಏರಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಮಾಮ ಬಂದು ಒಂದು ಗಂಟೆ ಓಡಿಸುತ್ತಾರೆ. ಚಿಕ್ಕದೂ ತುಂಬುತ್ತದೆ, ಟೈರೂ ಒಂದೇ ಕಡೆ ಒತ್ತಿ ಕೂರುವುದಿಲ್ಲ, ವೈರ್ ಕಡಿಯುವ ಇಲಿಗಳಿಗೂ ಬಿಡಾರ ಸಿಗುವುದಿಲ್ಲ. ಅವರು ಬಾರದ ವಾರ ಚಿಕ್ಕದಕ್ಕೆ ಮಲ್ಟಿಮೀಟರ್ ಇಡುತ್ತೇನೆ. ಕಾರು ಕೆಲವು ಗಂಟೆ ಆಫ್ ಆಗಿದ್ದ ಮೇಲೆ 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. 12.4ಕ್ಕಿಂತ ಇಳಿದರೆ ಮಾಮನಿಗೆ ಫೋನು.

ನೀವೂ ಅಳೆಯುವುದಾದರೆ ಉಂಗುರ, ಬಳೆ ತೆಗೆದಿಡಿ. ಲೋಹ ಎರಡು ಟರ್ಮಿನಲ್‌ಗಳಿಗೆ ಒಟ್ಟಿಗೆ ತಾಗಿದರೆ ಕೈ ಸುಡುತ್ತದೆ. ಹಿರಿಯರೊಬ್ಬರು ಜೊತೆಗಿರಲಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಅವು ದೊಡ್ಡ ಬ್ಯಾಟರಿಯವು. ಚಿಕ್ಕದರ ಜಾಗದಲ್ಲೂ ಲಿಥಿಯಂ ಇರುವ ಕಾರುಗಳಿವೆ. ಅದಕ್ಕೆ ಸೀಸದ ಬ್ಯಾಟರಿಯ ಹಳೆಯ ಚಾರ್ಜರ್ ಹಾಕಬಾರದು, ಮೇಲಿನ ವೋಲ್ಟ್ ಲೆಕ್ಕವೂ ಅದಕ್ಕಲ್ಲ. ಇಂಥದ್ದಕ್ಕೆಲ್ಲ ಕಾರಿನ ಕೈಪಿಡಿಯ ಮಾತೇ ಕೊನೆಯದು.

"ಅರ್ಧವೇ ಯಾಕೆ ಇಟ್ಟಿದ್ದಿ, ಕರೆಂಟ್ ಬಿಲ್ಲಿಗೆ ಹೆದರಿಯಾ?" ಎಂದು ಉಪ್ಪ ಮೊನ್ನೆ ಫೋನಿನಲ್ಲಿ ಕೇಳಿದರು. ಪೊರೆಯ ಕಥೆಯನ್ನು ಅವರಿಗೆ ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಅವರ ವಿಮಾನ ಮಂಗಳೂರಿಗೆ ಇಳಿಯುವ ಹಿಂದಿನ ರಾತ್ರಿ 100ಕ್ಕೆ ಏರಿಸುತ್ತೇನೆ. ಫಾಸ್ಫೇಟ್ ಸೆಲ್ಲಿನ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಕಾರಿನ ಕಂಪ್ಯೂಟರಿಗೆ ಎಷ್ಟು ಉಳಿದಿದೆ ಎಂಬ ಅಂದಾಜು ತಪ್ಪುತ್ತದೆ, ಒಮ್ಮೆ ಪೂರ್ತಿ ತುಂಬಿದರೆ ಲೆಕ್ಕ ಸರಿಹೋಗುತ್ತದೆ. ಬೆಳಿಗ್ಗೆ ಮಾಮ ಅದನ್ನೇ ಏರ್‌ಪೋರ್ಟಿಗೆ ಕೊಂಡೊಯ್ಯುವುದರಿಂದ, 100ರಲ್ಲಿ ಇರುವುದು ಕೆಲವೇ ಗಂಟೆ.